ಎರಡು ನೂಲು

ಮಂಡಕ್ಕಿ ಭಟ್ಟಿಯ ಹೊಗೆ ಇಳಿಯುವ ಓಣಿ.
ಚೌಡಮ್ಮನ ಪಡಸಾಲೆಯ ನಡುವೆ
ಇಂಗ್ಲಿಷರ ಮೇಜು, ಬೋರಲು.
ಅದರ ಹೊಟ್ಟೆಗೆ ಬ್ಯಾಟರಿ ಬಿಟ್ಟು
ಬೆಂಗಳೂರಿನ ವ್ಯಾಪಾರಿ ಮಂಡಿಯೂರಿದ್ದಾನೆ.
ನಾನು ಬಡಗಿ. ಕರೆಸಿದ್ದಾಳೆ, ಮಾತಿಗೊಬ್ಬ ಸಾಕ್ಷಿ.

ಮಿಲ್ಲು ಮುಚ್ಚಿದಾಗ ಹನ್ನೊಂದು ತಿಂಗಳ ಪಗಾರದ ಬದಲು
ಒಬ್ಬರಿಗೆ ತಕ್ಕಡಿ, ಒಬ್ಬರಿಗೆ ಗೋಡೆ ಗಡಿಯಾರ,
ಸಾಲಿನ ಕೊನೆಗಿದ್ದವಳಿಗೆ ಇದು.
ಯಾವನೋ ದೊರೆ ಚಹ ಕುಡಿದು ಬಿಟ್ಟುಹೋದದ್ದಂತೆ.
ಕೈಗಾಡಿಯಲ್ಲಿ ತಂದಳು, ದಾರಿಯುದ್ದಕ್ಕೂ ಬೈಯುತ್ತ.
ಆಮೇಲೆ ಮೂವತ್ತು ವರ್ಷ
ಇದರ ಮೇಲೆ ಶಾವಿಗೆ ಒಣಗಿತು.

ಮಹಾಗನಿ. ಉಜ್ಜಿದಷ್ಟೂ ಒಳಗಿನಿಂದ
ಬೆಲ್ಲದ ಪಾಕ ಮೇಲೆ ಬರುತ್ತದೆ.
ಇಂಗ್ಲಿಷರದು ಅಂತೀವಿ; ಮರ ಅವರ ನೆಲದ್ದಲ್ಲ,
ಕಡಲಾಚೆಯ ದ್ವೀಪದಲ್ಲಿ
ಸರಪಳಿ ಕಾಲಿನವರು ಕಡಿದದ್ದು.
ನಮ್ಮ ಅರಳೆಯ ಹಾಗೇ ಹಡಗು ಹತ್ತಿತು,
ಊರು ಮರೆತು ವಾಪಸು ಬಂತು.

ಮೇಲೆ ಒಂದೇ ಹಲಗೆ, ಬೆಸೆದ ಗೆರೆಯಿಲ್ಲ.
ಅಂಚು ಕರ್ಜಿಕಾಯಿ ಮುರಿಗೆ.
ಅಂಟಿಸಿದ್ದಲ್ಲ ಅದು: ದಪ್ಪ ಹಲಗೆಯ ನಡುವನ್ನೆಲ್ಲ
ಕೆತ್ತಿ ಬಿಸಾಕಿ ಉಳಿಸಿಕೊಂಡದ್ದು.
(ಎಷ್ಟು ಮರ ಹಾಳು! ನನ್ನ ಕೈ ಬರುತ್ತಿರಲಿಲ್ಲ.)
ಹಿತ್ತಾಳೆ ಚಿಲಕ ಒತ್ತಿದರೆ ಹಲಗೆ ನೆಟ್ಟಗೆ ಎದ್ದು
ಗೋಡೆಗೆ ಸೇರುತ್ತದೆ, ಮೊರ ತೂಗುಹಾಕಿದ ಹಾಗೆ.
ಕಂಬ ಒಂದು, ಬುಡಕ್ಕೆ ಮೂರು ಕಾಲು,
ಮೊಣಕಾಲು ಉಬ್ಬಿ, ಕಣಕಾಲು ಸಣ್ಣಗಾಗಿ,
ತುದಿಯಲ್ಲಿ ಹದ್ದಿನ ಉಗುರು ಗುಂಡೊಂದನ್ನು ಅದುಮಿದೆ.
ಮೂರು ಕಾಲಿನದು ಎಂಥ ಹಾಳು ನೆಲದಲ್ಲೂ ಅಲುಗದು.
ನಾಲ್ಕು ಮಾಡುವವರಿಗೇ ತಾಪತ್ರಯ.

ವ್ಯಾಪಾರಿ ಟೇಪು ಎಳೆದ.
ಎಳೆಯ ಉದ್ದಕ್ಕೆ ಮೂವತ್ತಮೂರು ಇಂಚು,
ಅಡ್ಡಕ್ಕೆ ಎರಡು ನೂಲು ಕಮ್ಮಿ.
‘ಇದೇ ಬೇಕಿತ್ತು ನನಗೆ’ ಅಂದ.
‘ಇನ್ನೂರು ವರ್ಷ ಒಣಗಿದ ಮರ ಅಡ್ಡಡ್ಡ ಕುಗ್ಗುತ್ತೆ.
ಪೂರಾ ದುಂಡಗಿದ್ದರೆ ಅನುಮಾನ ಪಡಬೇಕು.’

ಚೌಡಮ್ಮ ಬೊಚ್ಚು ಬಾಯಲ್ಲಿ ನಕ್ಕಳು.
‘ಮಿಲ್ಲಿನಾಗೆ ನೂಲು ಕಮ್ಮಿ ಬಂದ್ರೆ ಪಗಾರ ಹಿಡೀತಿದ್ರು ಕಣಪ್ಪಾ.
ನಿನ್ ಲೆಕ್ಕದಾಗೆ ಕಮ್ಮಿ ಆದ್ರೆ ರೊಕ್ಕ ಜಾಸ್ತಿಯಾ?’

ಅವನು ಮೂರನೆಯ ಪಾದ ಸವರುತ್ತಿದ್ದ.
‘ಈ ಗೆಣ್ಣು ನೋಡಿ, ಈ ಬಿಗಿ. ಅವರ ಕೈ ಅವರದೇ.
ನಮ್ಮಲ್ಲಿ ಎಲ್ಲಿದೆ?’

ನನ್ನ ನಾಲಿಗೆ ಹಲ್ಲಿನ ಹಿಂದೆ ನಿಂತಿತು.
ಆ ಕಾಲು ನನ್ನಪ್ಪ ಮೌನಾಚಾರಿಯದು.
ಕೈಗಾಡಿಯಿಂದ ಬಿದ್ದು ಮುರಿದ ರಾತ್ರಿ
ಹೊನ್ನೆಯ ತುಂಡಿಗೆ ಕೂತ.
ಬಣ್ಣ ಕೂಡುವ ತನಕ ಚಹದ ಡಿಕಾಕ್ಷನ್ನು, ಅರಗು, ಮತ್ತೆ ಡಿಕಾಕ್ಷನ್ನು.
ಹದ್ದನ್ನು ಹತ್ತಿರದಿಂದ ಯಾರು ಕಂಡಿದ್ದಾರೆ?
ಕೋಳಿ ಅಂಗಡಿಯಿಂದ ಹುಂಜದ ಕಾಲು ತಂದು
ಎದುರಿಗಿಟ್ಟುಕೊಂಡು ಕೆತ್ತಿದ.
ಅವ್ವ ಎರಡು ದಿನ ಅಡುಗೆಮನೆಗೆ ಬಿಡಲಿಲ್ಲ.

ಆ ರಾತ್ರಿ ಲಾಟೀನು ಹಿಡಿದವಳು ಚೌಡಮ್ಮ.
ಈಗ ನನ್ನನ್ನೇ ನೋಡುತ್ತಿದ್ದಾಳೆ.

ನೋಟು ಎಣಿಸತೊಡಗಿದವನಿಗೆ
‘ಮೊದ್ಲು ಇವನಪ್ಪನ ಕೂಲಿ ತೆಗೆದಿಡು’ ಅಂದಳು,
‘ಅವತ್ತು ಕೊಡಾಕೆ ಇರಲಿಲ್ಲ ನನ್ ಹತ್ರ.’

‘ಯಾವ ಅಪ್ಪ?’

ನಾನು ಕೂತೆ. ಅವನ ತೋರುಬೆರಳು ಹಿಡಿದು
ಪಾದದ ಹಿಂದಕ್ಕೆ ಒಯ್ದೆ, ಬೆಳಕು ಬೀಳದ ಕಡೆ,
ಹದ್ದಿಗೆ ಇಲ್ಲದ
ಹುಂಜದ ಆ ಚಿಕ್ಕ ಮುಳ್ಳಿನ ಮೇಲೆ
ಇಟ್ಟೆ.