ಬನ್ರೀ

ಮೊದಲ ವಾರ ಊರೆಲ್ಲ ನನ್ನನ್ನೇ ಕರೆಯುತ್ತಿತ್ತು.
ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ‘ಬನ್ರೀ, ಬನ್ರೀ’,
ಬಳೆ ಅಂಗಡಿಯಲ್ಲಿ ಮತ್ತೆ.
ತಿರುಗಿ ತಿರುಗಿ ಕತ್ತು ನೋಯಿತು.
ಶಿಲ್ಲಾಂಗಿನಾಚೆ ಜೊವಾಯಿಯಲ್ಲಿ
ಅಮ್ಮ ನನ್ನ ಕೂಗುವುದು ಹಾಗೇ: ಬಾನ್ರಿ.
ಇಬಾನ್ರಿ ಅನ್ನುವುದು ಮಾರ್ಕ್ಸ್ ಕಾರ್ಡಿಗೆ.

ಗಂಗೋತ್ರಿಯ ತರಗತಿಯಲ್ಲಿ ಮಾತ್ರ ಯಾರೂ ಕರೆಯಲಿಲ್ಲ.
ಹಾಜರಿ ಪುಸ್ತಕದಲ್ಲಿ ನಾನು ನಲವತ್ತೊಂದು.

ಪಡುವಾರಹಳ್ಳಿ, ಹಿಟ್ಟಿನ ಗಿರಣಿಯ ಮೇಲಿನ ರೂಮು.
ಏಳು ಗಂಟೆಗೆ ಮಂಚ ನಡುಗುತ್ತದೆ,
ನೋಟ್ಸಿನ ಮೇಲೆ ರಾಗಿಯ ತೆಳು ಧೂಳು.
ಚಿಕ್ಕತಾಯಮ್ಮನ ಮುದ್ದೆಯನ್ನು ಅಗಿದೆ.
‘ಅಗೀಬ್ಯಾಡ ಕಣವ್ವ, ನುಂಗು’ ಅಂದಳು.
ನುಂಗುವುದು ಬೇರೆಯೂ ಇತ್ತು:
‘ನೇಪಾಳನಾ?’ ಎಂದವನ ನಗು,
ರೂಮು ಖಾಲಿ ಇಲ್ಲ ಎಂದ ಗೇಟು,
ಅದರ ಮೇಲೆ ಬಾಡಿಗೆಗಿದೆ ಎಂಬ ಬೋರ್ಡು.

ಈಗ ಡಿಸೆಂಬರು. ತಿರುಗುವುದನ್ನು ಬಿಟ್ಟಿದ್ದೇನೆ.
ನಿನ್ನೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ
ಹಿಂದಿನಿಂದ ‘ಬನ್ರೀ’—
ಯಾರನ್ನೋ ಕರೆಯುತ್ತಿದ್ದಾರೆ ಎಂದು ನಡೆದೇ ಹೋದೆ.
ಓಡಿ ಬಂದ ಚಪ್ಪಲಿ ಸದ್ದು, ಏದುಸಿರು,
ಪಾಂಡವಪುರದ ಇಂಚರ:
‘ಕಿವಿ ಕೇಳ್ಸಲ್ವೇನೆ? ನಿನ್ನೇ ಕಣೆ ಕರ್ದಿದ್ದು.’
ಅವಳ ಕೈಯಲ್ಲಿ ಎರಡು ಹೋಳು ಸೌತೆಕಾಯಿ,
ಖಾರ ನನ್ನದಕ್ಕೇ ಹೆಚ್ಚು.