ಏಳನೆಯ ಕಾಯಿ

ಸಂತೆಗುಳಿಯ ಸೇತುವೆಯಿಂದ
ಹನ್ನೆರಡು ತೆಂಗಿನಕಾಯಿ,
ಸಿಪ್ಪೆಗೆ ಕೆಂಪು ಬಣ್ಣ, ಮೇಲೆ ಬಿಳಿ ಅಂಕಿ,
ಒಂದೊಂದೇ ಬಿಟ್ಟೆ ಅಘನಾಶಿನಿಗೆ.
ಬೆಳಿಗ್ಗೆ ಏಳೂ ಹತ್ತು.

ದಿವಗಿಯಲ್ಲಿ ದೇವು ಅಂಬಿಗ
ದೋಣಿ ಅಡ್ಡ ನಿಲ್ಲಿಸಿ ಕೂತಿದ್ದ,
ಕೈಯಲ್ಲಿ ನನ್ನ ಗಡಿಯಾರ.
ಮೇಲಿನ ನೀರು ಎಷ್ಟು ಹೊತ್ತಿಗೆ ಕೆಳಗೆ?
ಕಾರವಾರದ ಕಚೇರಿ ಕೇಳಿದ್ದು ಇಷ್ಟೇ.
ಉದ್ದ, ಇಳಿಜಾರು, ತಳದ ಒರಟು,
ಸೂತ್ರಕ್ಕೆ ಬೇಕಾದ್ದೂ ಅಷ್ಟೇ.

ಹನ್ನೊಂದು ಬಂದವು, ಹಿಂದುಮುಂದಾಗಿ.
ಏಳು ಇಲ್ಲ.

ಮೂರನೇ ದಿನ ಐಗಳಕುರ್ವೆಯ ಕೆಸರಲ್ಲಿ
ಬಳಚು ಹೆಕ್ಕುತ್ತಿದ್ದ ಸೋಮಿ ನಕ್ಕಳು:
"ಕೆಂಪು ಕಾಯಾ? ಒಡೆದು, ತುರಿದು,
ನಿನ್ನೆ ಸುಕ್ಕ ಮಾಡ್ದೆ."
ಎಷ್ಟು ಹೊತ್ತಿಗೆ ಸಿಕ್ಕಿತು?
"ಭರತ ಏರೋ ಹೊತ್ತು.
ಕೆಳಗಿಂದ ಮೇಲೆ ಬರ್ತಿತ್ತು."

ಕೆಳಗಿಂದ ಮೇಲೆ!
ವೇಗದ ಕಾಲಮ್ಮಿನಲ್ಲಿ ಮೊದಲ ಸಲ
ಮೈನಸ್ ಗುರುತು ಹಾಕಿದೆ.
ಅಮಾವಾಸ್ಯೆಗೆ ಘಟ್ಟದ ನೀರು ಇಳಿದು ಬಂದರೆ
ಇಲ್ಲಿ ಕಡಲಿನ ಎದುರು ನಿಲ್ಲಬೇಕು;
ನಿಂತ ನೀರು ಸುಮ್ಮನಿರುವುದಿಲ್ಲ,
ಗಜನಿ ಕಟ್ಟೆ ಹತ್ತುತ್ತದೆ,
ಆಮೇಲೆ ಸೋಮಿಯ ಮೆಟ್ಟಿಲು.

ವರದಿಯಲ್ಲಿ ಬರೆದೆ:
ಐದು ಗಂಟೆ ನಲವತ್ತು ನಿಮಿಷ.
ಭರತವಿದ್ದರೆ, ಹೇಳಲಾಗದು.
ಸಾಹೇಬರು ಎರಡನೇ ಸಾಲು ಹೊಡೆದುಹಾಕಿದರು.

ಅಂಚಿನಲ್ಲಿ ಪೆನ್ಸಿಲಿನಿಂದ
ಸೋಮಿಯ ಫೋನ್ ನಂಬರು.
ಫೋನು ಗಂಡನ ಜೇಬಲ್ಲಿ,
ಗಂಡ ತದಡಿಯ ಬೋಟಿನಲ್ಲಿ,
ಬೋಟು ಸಿಗ್ನಲ್ಲಿನ ಆಚೆ.
ಸುದ್ದಿ ಅವಳ ಮನೆ ಮುಟ್ಟಲು
ಎಷ್ಟು ಹೊತ್ತು?
ಅದನ್ನು ಅಳೆಯಲು
ಯಾವ ಸೇತುವೆಯಿಂದ
ಯಾವ ಕಾಯಿ ಬಿಡಲಿ?