ಚೋಂದಮ್ಮನ ಇಳಿಜಾರು

ಅಮ್ಮತ್ತಿಯ ಮೊಯ್ದು ಕಾಕನ ಅಂಗಡಿಯಲ್ಲಿ
ಎರಡೂ ಟ್ಯೂಬು ಬದಲಿಸಿ, ಚೈನಿಗೆ ಎಣ್ಣೆ ಬಿಟ್ಟು
ಹೊರಟೆ. "ಈ ವಯಸ್ಸಲ್ಲಿ ಆ ದಾರೀಲಾ?" ಅಂದ ಅವನ ಮಗ.
ಕಾಕ ಈಗಿಲ್ಲ. ಪಂಪಿನ ಹಿಡಿ ಮಾತ್ರ ಅದೇ,
ಮರದ್ದು, ನಡುವೆ ಸವೆದದ್ದು.

ಮೊದಲ ತಿರುವಿಗೆ ಕಾಂಕ್ರೀಟು. ಬೇಸರವೇನಿಲ್ಲ;
ಜೂನಿನಲ್ಲಿ ಇಲ್ಲಿ ಸೈಕಲ್ಲೇ ನಮ್ಮ
ಹೆಗಲೇರಿದ್ದು ನೆನಪಿದೆ.
ಎರಡನೆಯದಕ್ಕೆ ಕಬ್ಬಿಣದ ಗೇಟು:
ಹೋಂಸ್ಟೇ, ಈಜುಕೊಳ, ಅತಿಥಿಗಳಿಗೆ ಮಾತ್ರ.
ಒಳಗೊಬ್ಬ ಹುಡುಗ ಬಾಡಿಗೆ ಸೈಕಲ್ಲು ಒರೆಸುತ್ತಿದ್ದ,
ಗೇರು ಇಪ್ಪತ್ತೊಂದು. ನನ್ನದನ್ನು ನೋಡಿ ನಕ್ಕ,
ಆಮೇಲೆ ಗೇಟು ತೆಗೆದ.

ತೋಡಿನಾಚೆ ಸೋಲಾರ್ ಬೇಲಿ. ಅದರಾಚೆ
ನಾನೂ ಚೋಂದಮ್ಮನೂ ಬ್ರೇಕು ಹಿಡಿಯದೆ ಬಿಡುತ್ತಿದ್ದ ಇಳಿಜಾರು.
ಲಂಟಾನ ನುಂಗಿ ನೀರು ಕುಡಿದಿರುತ್ತದೆ
ಅಂದುಕೊಂಡಿದ್ದೆ.

ಇಲ್ಲ. ಅಗಲವಾಗಿದೆ. ಗಟ್ಟಿಯಾಗಿದೆ.
ಸಿಲ್ವರ್ ಓಕಿನ ತೊಗಟೆಗೆ ಆಳಿಗೂ ಮೇಲೆ ಕೆಸರು ಉಜ್ಜಿದೆ,
ನಡುವೆ ಲದ್ದಿ; ಲದ್ದಿಯಲ್ಲಿ ಅರಗದ ಕಾಫಿ ಬೀಜ,
ಹಲಸಿನ ಬೀಜ.
ಬೇಲಿಯ ಕಂಬವೊಂದು ತಂತಿ ಸಮೇತ ಮಲಗಿದೆ.
ನಾವು ಬಿಟ್ಟ ತಿರುವುಗಳನ್ನೇ ಹಿಡಿದಿವೆ ಅವು,
ಬೇರಿನ ಬಳಿ ನಾವು ಬಲಕ್ಕೆ ವಾಲುತ್ತಿದ್ದಂತೆ
ಬಲಕ್ಕೆ ವಾಲಿವೆ.
ಅಥವಾ ಮೊದಲೇ ಅವುಗಳದ್ದಾಗಿತ್ತೋ ಈ ದಾರಿ,
ನಾವೇ ಬೆಲ್ಲು ಬಾರಿಸಿ ನುಗ್ಗಿದ್ದೆವೋ.

ಬೇರು ಇದೆ. ಮರ ಇಲ್ಲ.
ಮೊಣಕಾಲಿನ ಕಲೆಯನ್ನು ಅದಕ್ಕೆ ತೋರಿಸಿದೆ.
ತಳ್ಳಿದ್ದು ತಾನಲ್ಲವೆಂದು ಚೋಂದಮ್ಮ ಈಗಲೂ ಸಾಧಿಸುತ್ತಾಳೆ;
ಒಂದು ಫೋಟೋ ಕಳಿಸೋಣವೆಂದರೆ ಸಿಗ್ನಲ್ಲಿಲ್ಲ.

ಲದ್ದಿಯ ಮೇಲೆ ಅಂಗೈ ಹಿಡಿದೆ. ಬೆಚ್ಚಗಿತ್ತು.
ಸೈಕಲ್ಲು ತಿರುಗಿಸಿ, ಬೆಲ್ಲು ಮುಟ್ಟದೆ,
ತಳ್ಳಿಕೊಂಡೇ ಹತ್ತಿದೆ.